ಯುರೋಪಿನ ಖಾದ್ಯ ಕಪ್ಪೆ: ಗುರುತಿಸುವ ಲಕ್ಷಣಗಳು

ಯುರೋಪಿನ ಹಸಿರು ಕಪ್ಪೆಗಳಲ್ಲಿ ಪರೀಕ್ಷೆಗೆ ಬೇಕಾದವು ಮೂರು: ಕೊಳದ ಕಪ್ಪೆ (ಪೆಲೊಫೈಲ್ಯಾಕ್ಸ್ ಲೆಸ್ಸೋನೆ), ಜೌಗು ಕಪ್ಪೆ (ಪೆ. ರಿಡಿಬಂಡಸ್), ಖಾದ್ಯ ಕಪ್ಪೆ (ಪೆ. ಎಸ್ಕ್ಯುಲೆಂಟಸ್). ಮೂರನೆಯದಕ್ಕೆ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಆದರೆ ಅದು ಮೊದಲೆರಡರ ಸಂಕರ ಎಂದು ತೋರಿಸಿದ್ದು 1960ರ ದಶಕದಲ್ಲಿ ಪೋಲೆಂಡಿನ ಲೆಶೆಕ್ ಬರ್ಗರ್ ನಡೆಸಿದ ಪ್ರಯೋಗಗಳು.

ಮೈಬಣ್ಣವನ್ನು ನಂಬುವಂತಿಲ್ಲ. ಹಿಂಗಾಲಿನ ಒಳಬೆರಳ ಬುಡದ ಗಂಟನ್ನು ನೋಡಬೇಕು: ಕೊಳದ ಕಪ್ಪೆಗೆ ಅದು ದೊಡ್ಡದು, ಅರ್ಧವೃತ್ತದಂತೆ ಉಬ್ಬಿದ್ದು, ಜೌಗು ಕಪ್ಪೆಗೆ ಚಿಕ್ಕದು. ಮೊಣಕಾಲಿನ ಕೆಳಗಿನ ಭಾಗ ಮೊದಲನೆಯದಕ್ಕೆ ಗಿಡ್ಡ, ಎರಡನೆಯದಕ್ಕೆ ಉದ್ದ. ಕೂಗುವ ಗಂಡಿನ ಧ್ವನಿಚೀಲ ಕೊಳದ ಕಪ್ಪೆಯಲ್ಲಿ ಬಿಳಿ, ಜೌಗು ಕಪ್ಪೆಯಲ್ಲಿ ಬೂದು. ಖಾದ್ಯ ಕಪ್ಪೆ ಎಲ್ಲದರಲ್ಲೂ ನಡುವೆ ನಿಲ್ಲುತ್ತದೆ. ತೊಡಕು ಇರುವುದೇ ಅಲ್ಲಿ. ವರ್ಣತಂತುಗಳ ಎರಡರ ಬದಲು ಮೂರು ಗುಂಪುಗಳಿರುವ ಖಾದ್ಯ ಕಪ್ಪೆಗಳೂ ಇರುವುದರಿಂದ ಖಚಿತ ಉತ್ತರಕ್ಕೆ ವಂಶವಾಹಿ ಪರೀಕ್ಷೆಯೇ ಬೇಕು.

ನೆನಪಿಡಲೇಬೇಕಾದ ಪದ ಹೈಬ್ರಿಡೋಜೆನೆಸಿಸ್. ಖಾದ್ಯ ಕಪ್ಪೆ ಸಾಮಾನ್ಯವಾಗಿ ತನ್ನ ಅಂಡಾಣು, ವೀರ್ಯಾಣುಗಳಲ್ಲಿ ಲೆಸ್ಸೋನೆ ಜೀನೋಮನ್ನು ಕೈಬಿಟ್ಟು ರಿಡಿಬಂಡಸ್ ಜೀನೋಮನ್ನಷ್ಟೇ ದಾಟಿಸುತ್ತದೆ. ಅದು ಕೊಳದ ಕಪ್ಪೆಯೊಡನೆ ಕೂಡಿದರೆ ಹುಟ್ಟುವುದು ಮತ್ತೆ ಖಾದ್ಯ ಕಪ್ಪೆಯೇ. ಸಂಕರವೆಂದರೆ ಬಂಜೆ ಎಂಬ ಆಯ್ಕೆ ಕೊಟ್ಟರೆ ಮೋಸಹೋಗಬೇಡಿ.

‘ಖಾದ್ಯ’ ಎಂಬ ಹೆಸರು ನೋಡಿ ಇದನ್ನು ಭಾರತದ ಕಪ್ಪೆಕಾಲಿನ ವ್ಯಾಪಾರದೊಡನೆ ಬೆರೆಸಬೇಡಿ. ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತು ನಿಷೇಧಿಸಿತು. ಆ ವ್ಯಾಪಾರದಲ್ಲಿದ್ದ ಕಪ್ಪೆ ಹೋಪ್ಲೊಬಟ್ರಾಕಸ್ ಟೈಗರಿನಸ್ ಬೇರೆಯೇ ಕುಲದ್ದು.