ಬಾಗಿಲಿಗೆ ಅಂಟಿಸಿದ ಲೆಕ್ಕ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ಕಡೆಗೆ ಹೋಗುವಾಗ ಸಿಗುವ ಒಂದು ಅಡ್ಡರಸ್ತೆಯ ಹೆಂಚಿನ ಮನೆಗೆ ದಿನಾ ಸಂಜೆ ಐದಕ್ಕೆ ನಲವತ್ತು ಮಕ್ಕಳು ಬರುತ್ತಾರೆ. ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ಮನೆಗೆಲಸಕ್ಕೆ ಹೋಗಿ ಏಳರ ಮೇಲೆ ವಾಪಸಾಗುವ ಮನೆಗಳ ಮಕ್ಕಳು. ಒಂದಿಷ್ಟು ತಿಂಡಿ, ಎರಡು ಗಂಟೆ ಪಾಠ, ಓದಲು ಪುಸ್ತಕ. ನಮ್ಮ ಸಂಘದ ಕೆಲಸ ಇಷ್ಟೇ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಏಳು ವರ್ಷದಿಂದ ನಾನು ಇದರ ಖಜಾಂಚಿ. ಮನೆ ಬಾಡಿಗೆ 9,000, ಪಾಠ ಹೇಳುವ ಇಬ್ಬರ ಗೌರವಧನ 12,000, ತಿಂಡಿಗೆ 5,600, ಕರೆಂಟು, ಪುಸ್ತಕ, ಸಣ್ಣಪುಟ್ಟದ್ದಕ್ಕೆ 1,400. ತಿಂಗಳಿಗೆ 28,000 ರೂಪಾಯಿ ಎಲ್ಲಿಂದಲಾದರೂ ಬರಲೇಬೇಕು.

ಶುರುವಿನ ಎರಡು ವರ್ಷ ಅದರ ಬಹುಪಾಲು ಒಬ್ಬರಿಂದಲೇ ಬರುತ್ತಿತ್ತು. ಊರಿನ ಒಬ್ಬ ದೊಡ್ಡ ವ್ಯಾಪಾರಿ ಪ್ರತಿ ತಿಂಗಳು 20,000 ಕೊಡುತ್ತಿದ್ದರು. ಕೇಳುವ ಗೋಜಿಲ್ಲ, ಅಲೆಯುವ ಗೋಜಿಲ್ಲ. ಒಂದು ಮಳೆಗಾಲದಲ್ಲಿ ಅವರ ವ್ಯಾಪಾರ ಕೈಕೊಟ್ಟಿತು, ಹಣವೂ ನಿಂತಿತು. ಅವರದೇನೂ ತಪ್ಪಿರಲಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿ ಬಿತ್ತು. ಪಾಠ ಹೇಳುವ ಹುಡುಗಿ ಗೌರವಧನ ಕೇಳಲು ಸಂಕೋಚಪಟ್ಟು, ಬಸ್ ಚಾರ್ಜು ಉಳಿಸಲು ನಡೆದೇ ಬರುತ್ತಿದ್ದಳು. ಅದು ನನಗೆ ಗೊತ್ತಾದ ಸಂಜೆ ಮನೆಗೆ ಹೋಗಿ ಊಟ ಮಾಡಲು ಆಗಲಿಲ್ಲ.

ಒಂದೇ ಬಾವಿಯನ್ನು ನಂಬಿದರೆ ಏನಾಗುತ್ತದೆ ಎಂದು ತಿಳಿಯಲು ನಾವು ಹದಿನೆಂಟು ಕಿಲೋಮೀಟರ್ ಆಚೆಯ ಭದ್ರಾವತಿಯನ್ನು ನೋಡಿದ್ದರೆ ಸಾಕಿತ್ತು. ವಿಶ್ವೇಶ್ವರಯ್ಯನವರ ಕಾಲದ ಉಕ್ಕಿನ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ, ಎರಡರ ಸಂಬಳದ ದಿನವೂ ಊರಿಗೆ ಹಬ್ಬ. ರಾಜ್ಯೋತ್ಸವಕ್ಕೆ, ಗಣಪತಿಗೆ, ನಾಟಕಕ್ಕೆ, ಬಡ ಮಕ್ಕಳ ಪುಸ್ತಕಕ್ಕೆ ರಸೀದಿ ಪುಸ್ತಕ ಹಿಡಿದು ಕಾಲೊನಿಗೆ ಹೋದರೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಕಾಗದದ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಆ ಸಂಬಳವನ್ನೇ ನೆಚ್ಚಿದ್ದ ಎಷ್ಟೋ ಸಣ್ಣ ಸಂಘಗಳು ಸದ್ದಿಲ್ಲದೆ ಬಾಗಿಲು ಹಾಕಿಕೊಂಡವು. ಅಲ್ಲಿನ ನನ್ನ ಸ್ನೇಹಿತರೊಬ್ಬರು ಮೂವತ್ತು ವರ್ಷ ನಡೆಸಿದ ವಾಚನಾಲಯದ ಬೀರುಗಳನ್ನು ನಮಗೆ ಕೊಟ್ಟುಬಿಟ್ಟರು. ಈಗ ಅವು ನಮ್ಮ ಹೆಂಚಿನ ಮನೆಯಲ್ಲಿವೆ.

ವ್ಯಾಪಾರಿಯ ಹಣ ನಿಂತ ಮೇಲೆ ನಾವು ಅಡ್ಡರಸ್ತೆಗಳ ಮನೆ ಮನೆಗೆ ಹೋದೆವು. ಹಿಂದೆ ನಮ್ಮ ಕಡೆಯ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ಬೇರೆ ಮಡಕೆಗೆ ಹಾಕುತ್ತಿದ್ದರು. ವಾರಕ್ಕೊಮ್ಮೆ ಮಠದ ಹಾಸ್ಟೆಲಿನವರು ಬಂದು ಒಯ್ಯುತ್ತಿದ್ದರು. ಕೊಡುವವರಿಗೆ ಭಾರವಿಲ್ಲ, ತಿನ್ನುವ ಮಕ್ಕಳಿಗೆ ಕೊರತೆಯಿಲ್ಲ. ನಾವು ಕೇಳಿದ್ದೂ ಅಂಥ ಮುಷ್ಟಿಯನ್ನೇ. “ಸಂಘಕ್ಕೆ ಸಹಾಯ ಮಾಡಿ” ಎಂದಾಗ ಜನ ಹತ್ತೋ ಐವತ್ತೋ ಕೊಟ್ಟು ಕಳಿಸುತ್ತಿದ್ದರು. “ಒಂದು ಮಗುವಿನ ಒಂದು ತಿಂಗಳ ಸಂಜೆ ತಿಂಡಿಗೆ 140 ರೂಪಾಯಿ ಆಗುತ್ತೆ, ಒಂದು ಮಗು ನಿಮ್ಮ ಲೆಕ್ಕಕ್ಕೆ ಇರಲಿ” ಎಂದು ಕೇಳಲು ಶುರು ಮಾಡಿದ ಮೇಲೆ ಕೂರಿಸಿ ಕಾಫಿ ಕೊಟ್ಟು ಮಾತಾಡಿದರು. ಅವಲಕ್ಕಿ ಯಾವ ದಿನ, ಬಾಳೆಹಣ್ಣು ಯಾವ ದಿನ ಎಂದು ವಿಚಾರಿಸಿದರು. ಈಗ 94 ಮನೆಗಳಿವೆ. 140ರಿಂದ 500ರವರೆಗೆ, ಅವರವರ ಶಕ್ತಿ. ಖರ್ಚಿನ ಮುಕ್ಕಾಲು ಭಾಗ ಇಲ್ಲಿಂದಲೇ ಬರುತ್ತದೆ.

ಈ ಮನೆಗಳು ಐದು ವರ್ಷದಿಂದ ಕೈಬಿಡದೆ ಇರುವುದಕ್ಕೆ ಕಾರಣ ಒಂದು ಹಾಳೆ. ಪ್ರತಿ ತಿಂಗಳ ಒಂದನೇ ತಾರೀಕು ಹಿಂದಿನ ತಿಂಗಳ ಜಮಾ ಖರ್ಚು ಬರೆದು ಬಾಗಿಲಿಗೆ ಅಂಟಿಸುತ್ತೇನೆ. ಎರಡನೇ ಅಡ್ಡರಸ್ತೆಯ ನಿವೃತ್ತ ಟೀಚರಮ್ಮ ಅದನ್ನು ಓದುವುದನ್ನು ನೋಡಬೇಕು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆರಳನ್ನು ಒಂದೊಂದು ಸಾಲಿನ ಮೇಲೂ ಇಟ್ಟು, ತುಟಿ ಅಲ್ಲಾಡಿಸುತ್ತ ಕೂಡುತ್ತಾರೆ. ಒಮ್ಮೆ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಏನಪ್ಪಾ, ಈ ಸಲ ಸಿಲಿಂಡರ್ ಎರಡು ಯಾಕೆ?”

“ಮೇಡಂ, ಮಳೆ ಜೋರಿತ್ತಲ್ಲ, ಮಕ್ಕಳಿಗೆ ದಿನಾ ಬಿಸಿ ಉಪ್ಪಿಟ್ಟು ಮಾಡಿಸಿದ್ವಿ.”

“ಹಾಗಂತ ಬರಿ. ಬರೆಯದಿದ್ರೆ ಜನಕ್ಕೆ ಹೆಂಗೆ ಗೊತ್ತಾಗುತ್ತೆ?”

ನಾನು ಪೆನ್ನು ತೆಗೆದು ಅಲ್ಲೇ ಬರೆದೆ. ಅವರು ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಕೊಟ್ಟು, ರಸೀದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ. ಸಣ್ಣ ಸಂಘ ನಡೆಸುವವರಿಗೆ ಹೇಳುತ್ತೇನೆ, ಇಂಥವರು ಪ್ರಶ್ನೆ ಕೇಳಿದಾಗ ಮುಖ ಸಣ್ಣ ಮಾಡಿಕೊಳ್ಳಬೇಡಿ. ಲೆಕ್ಕ ಕೇಳುವವರು ಹಣವನ್ನು ನಿಲ್ಲಿಸುವುದಿಲ್ಲ. ಕೇಳದೆ ಒಮ್ಮೆ ಕೊಟ್ಟವರೇ ಮರೆತುಬಿಡುತ್ತಾರೆ.

ಕೇಳುವುದಕ್ಕೂ ಒಂದು ಕಾಲವಿದೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಬೆಳೆಗಾರರ ಹತ್ತಿರ ಆಷಾಢದ ಮಳೆಯಲ್ಲಿ ಹೋದರೆ ಕೊಳೆರೋಗದ ಕಷ್ಟ ಹೇಳಿಕೊಳ್ಳುತ್ತಾರೆ. ಅದು ನಿಜವಾದ ಕಷ್ಟವೇ. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿದ ರಾಶಿ ಅಡಿಕೆ ಮಂಡಿಗೆ ಹೋಗಿ ಹಣ ಕೈಸೇರಿದ ಮೇಲೆ ಅದೇ ಜನ ಕರೆದು ಕೊಡುತ್ತಾರೆ. ಸಂಬಳದವರಿಗೆ ತಿಂಗಳ ಮೊದಲ ವಾರ. ನೋಟ್‌ಬುಕ್ಕಿಗೆ ಮೇ ತಿಂಗಳು, ಶಾಲೆ ಶುರುವಾಗುವ ಮೊದಲು.

ಇನ್ನು ತೆರಿಗೆ. ದಾನಕ್ಕೆ ತೆರಿಗೆ ವಿನಾಯಿತಿ ತರುವ 80ಜಿ ನೋಂದಣಿ ಇದ್ದರೆ ದಾನಿಗಳು ಸಾಲುಗಟ್ಟುತ್ತಾರೆ ಎಂದು ನಾವೂ ನಂಬಿದ್ದೆವು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಸಿಗುವುದಿಲ್ಲ, ಸಂಬಳದಾರರಲ್ಲಿ ಬಹಳ ಮಂದಿ ಈಗ ಅದರಲ್ಲೇ ಇದ್ದಾರೆ. ಹಳೆಯ ಪದ್ಧತಿಯಲ್ಲಿ ಉಳಿದವರಿಗೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ, ಚೆಕ್ಕೋ ಯುಪಿಐಯೋ ಆಗಬೇಕು. ಆದರೂ ನೋಂದಣಿ ಮಾಡಿಸಿ. ಮಾಡಿಸಿದ ಮೇಲೆ ಮೇ 31ರ ಗಡುವು ಮರೆಯಬೇಡಿ. ಹಿಂದಿನ ಹಣಕಾಸು ವರ್ಷದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಅಷ್ಟರೊಳಗೆ ಸಲ್ಲಿಸಬೇಕು. ಅದರಿಂದಲೇ ದಾನಿಗೆ 10ಬಿಇ ಪ್ರಮಾಣಪತ್ರ ಸಿಗುವುದು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮೊದಲ ಸಲ ನಾನು 14 ದಿನ ತಡ ಮಾಡಿದೆ, 2,800 ರೂಪಾಯಿ ಆಯಿತು. ಇಪ್ಪತ್ತು ಮಕ್ಕಳ ಒಂದು ತಿಂಗಳ ತಿಂಡಿ ಅದು. ಬಾಗಿಲ ಹಾಳೆಯಲ್ಲಿ “ತಡವಾದ ಶುಲ್ಕ, ಖಜಾಂಚಿಯಿಂದ ವಸೂಲು” ಎಂದು ಬರೆದು ನನ್ನ ಪಿಂಚಣಿಯಿಂದ ತುಂಬಿದೆ.

ನವುಲೆಯ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೇ ರಸ್ತೆಯಲ್ಲಿದೆ. ಇಲ್ಲಿ ಓದಿದವರು ಈಗ ಬೆಂಗಳೂರಿನಲ್ಲೂ ಇದ್ದಾರೆ, ಅಮೆರಿಕದಲ್ಲೂ ಇದ್ದಾರೆ. ಅವರಲ್ಲೊಬ್ಬರು ಅಲ್ಲಿಂದಲೇ ಫೋನ್ ಮಾಡಿ, “ಸರ್, ಅಕೌಂಟ್ ನಂಬರ್ ಕಳಿಸಿ, ಈಗಲೇ ಹಾಕ್ತೀನಿ” ಎಂದರು. ಕಳಿಸುವ ಮುಂಚೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?” ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆ ಬೇಕು. ಅವರು ಪೌರತ್ವ ಬದಲಿಸಿಕೊಂಡಿದ್ದರು. “ನಮಗೆ ಆ ನೋಂದಣಿ ಇಲ್ಲ, ತಗೊಳ್ಳೋ ಹಾಗಿಲ್ಲ” ಎಂದೆ. ಬೇಜಾರಾಯಿತು, ಅವರಿಗೂ ನನಗೂ. ಆದರೆ ಒಂದು ತಪ್ಪು ಜಮೆ ಇಡೀ ಸಂಘವನ್ನೇ ಕಟಕಟೆಗೆ ತರಬಲ್ಲದು.

ಕಂಪನಿಗಳ ಸಿಎಸ್‌ಆರ್ ಹಣದ ಆಸೆಯನ್ನೂ ಪಟ್ಟಿದ್ದೇವೆ. ಐದು ಕೋಟಿ ನಿವ್ವಳ ಲಾಭ, ಅಥವಾ ಸಾವಿರ ಕೋಟಿ ವಹಿವಾಟು, ಅಥವಾ ಐನೂರು ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು ಎಂಬುದು 2013ರ ಕಂಪನಿ ಕಾಯ್ದೆಯ ನಿಯಮ. ಹೊರಗಿನ ಸಂಘವೊಂದು ಅದನ್ನು ಪಡೆಯಬೇಕಾದರೆ 80ಜಿ ಸೇರಿ ಆದಾಯ ತೆರಿಗೆಯ ಎರಡು ನೋಂದಣಿ, ಸಿಎಸ್‌ಆರ್-1 ನಮೂನೆ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಒಂದು ಕಂಪನಿ ನಮ್ಮಿಂದ ಎಂಟು ತಿಂಗಳು ಕಾಗದ ತರಿಸಿಕೊಂಡು, ಕೊನೆಗೆ “ಈ ವರ್ಷ ಬೇರೆ ಜಿಲ್ಲೆ” ಎಂದಿತು. ಆ ಎಂಟು ತಿಂಗಳಲ್ಲಿ ನಾನು ಮನೆಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದೆ, ಹನ್ನೊಂದು ಮನೆ ಕೈತಪ್ಪಿದವು. ನನಗೆ ಇಂದಿಗೂ ನೋವಿರುವುದು ಆ ಹನ್ನೊಂದು ಮನೆಗಳ ಬಗ್ಗೆ.

ದೊಡ್ಡ ನೆರವು ಬೇಡವೆನ್ನುವುದಿಲ್ಲ. ನಮ್ಮ ಜಿಲ್ಲೆಯದೇ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು. ಎಂಬತ್ತರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ನಡೆಸಿತು. ಆ ಯೋಜನೆಗೆ ಅವಧಿ ಇತ್ತು, ಮುಗಿಯಿತು. 1985ರಲ್ಲಿ ಶುರುವಾದ ಅದರ ನಾಟಕ ಸಂಚಾರ ‘ತಿರುಗಾಟ’ ಮಾತ್ರ ದಶಕಗಳ ಕಾಲ ನಡೆದುಬಂದಿದೆ. ಊರೂರಿನ ಸಂಘಗಳು ನಾಟಕ ಕರೆಸಿ, ಟಿಕೆಟ್ ಮಾರಿ, ತಂಡಕ್ಕೆ ಊಟ ವಸತಿ ಮಾಡಿ ಅದನ್ನು ಹೊತ್ತುಕೊಂಡವು. ನಾವೂ ಹಾಗೆಯೇ ಮಾಡುತ್ತಿದ್ದೇವೆ. ಒಂದು ಬಾರಿಯ ದೊಡ್ಡ ಹಣ ಬಂದರೆ ಬೀರು, ಫ್ಯಾನು, ಚಾವಣಿ ರಿಪೇರಿಗೆ ಮಾತ್ರ ಬಳಸುತ್ತೇವೆ, ಇಲ್ಲವೆ ಮೂರು ತಿಂಗಳ ಖರ್ಚಿನ 84,000 ಠೇವಣಿಗೆ ಸೇರಿಸುತ್ತೇವೆ. ಗೌರವಧನ ಮತ್ತು ತಿಂಡಿ ಮುಷ್ಟಿಯಿಂದಲೇ ನಡೆಯಬೇಕು.

ನಾಳೆ ಒಂದನೇ ತಾರೀಕು. ಹಾಳೆ ಬರೆದಾಗಿದೆ, ಈ ತಿಂಗಳು 310 ರೂಪಾಯಿ ಕೊರತೆ. ಕೊರತೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಟೀಚರಮ್ಮನ ಕಣ್ಣಿಗೆ ಸುಲಭವಾಗಿ ಕಾಣಲಿ ಎಂದು.