ಶಿಕ್ಷೆಯಾದ ಮೇಲೆ ಮೂವತ್ತು ದಿನ

ಮನೆಯ ಮಗನಿಗೆ ಜೈಲಾಯಿತೆಂದರೆ ಮನೆಮಂದಿಗೆ ದಿಕ್ಕೇ ತೋಚದು. ತೀರ್ಪಿನ ಕಾಗದವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ‘ಹಣೆಬರಹ’ ಎಂದು ಕುಳಿತುಬಿಡುವವರುಂಟು. ಅಷ್ಟರಲ್ಲಿ ಅಪೀಲಿನ ಗಡುವು ಕಳೆದುಹೋಗುತ್ತದೆ. ಆದುದರಿಂದ ಈ ಸಲ, ಲೈಸೆನ್ಸಿಲ್ಲದ ಬಂದೂಕಿನ ಮೊಕದ್ದಮೆಯೊಂದನ್ನು ಉದಾಹರಣೆಯಾಗಿಟ್ಟುಕೊಂಡು ಅಪೀಲಿನ ದಾರಿಯನ್ನು ತಿಳಿಯೋಣ.

1959ನೆಯ ಇಸವಿಯ ಆಯುಧ ಕಾಯಿದೆಯಂತೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸು ಬೇಕು. ತಂದೆಯ ಲೈಸೆನ್ಸು ಮಗನಿಗೆ ತಾನಾಗಿ ಬರುವುದಿಲ್ಲ. ಸಾಮಾನ್ಯ ಬಂದೂಕಿಗೆ ಹಿಂದೆ 1ರಿಂದ 3 ವರ್ಷ ಶಿಕ್ಷೆಯಿತ್ತು. 2019ರ ಡಿಸೆಂಬರಿನ ತಿದ್ದುಪಡಿಯಿಂದ ಅದು 2ರಿಂದ 5 ವರ್ಷವಾಯಿತು. ತಿದ್ದುಪಡಿಗೆ ಮುಂಚಿನ ಅಪರಾಧಕ್ಕೆ ಹೊಸ ಶಿಕ್ಷೆಯನ್ನು ಹೇರುವಂತಿಲ್ಲ. ಆದುದರಿಂದ ಬಂದೂಕು ಸಿಕ್ಕಿದ ತಾರೀಖನ್ನು ಮೊದಲು ನೋಡಬೇಕು.

ಶಿಕ್ಷೆ ಕೊಟ್ಟವರು ಮ್ಯಾಜಿಸ್ಟ್ರೇಟರಾದರೆ ಅಪೀಲು ಸೆಷನ್ಸ್ ಕೋರ್ಟಿಗೆ. ಗಡುವು 30 ದಿನ. ಸೆಷನ್ಸ್ ಕೋರ್ಟೇ ಶಿಕ್ಷೆ ಕೊಟ್ಟಿದ್ದರೆ ಅಪೀಲು ಮೂಸಿ ನದಿಯ ದಡದಲ್ಲಿರುವ ತೆಲಂಗಾಣ ಹೈಕೋರ್ಟಿಗೆ. ಗಡುವು 60 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಬೇಕೆಂದು ಕೇಳಬಹುದು. ಆದರೆ ಅದನ್ನೇ ನಂಬಿ ಕೂರಬಾರದು.

ತೀರ್ಪನ್ನು ವಕೀಲರೊಡನೆ ಓದುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು: ಬಂದೂಕು ಅಲ್ಲಿರುವುದು ಆತನಿಗೆ ತಿಳಿದಿತ್ತೇ? ಅದು ಆತನ ಹತೋಟಿಯಲ್ಲಿತ್ತೇ? ಗುಣವಂತಲಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ಈ ಎರಡಕ್ಕೂ ಮಹತ್ವ ಕೊಟ್ಟಿತು. ಬಂದೂಕು ಕೈಯಲ್ಲಿಯೇ ಸಿಕ್ಕಬೇಕೆಂದಿಲ್ಲ. ಬೇರೆಯವರ ಬಳಿ ಇಟ್ಟಿದ್ದರೂ ಹತೋಟಿ ಆತನದಾಗಿರಬಹುದು. ಎರಡನೆಯದು: ಮೊಕದ್ದಮೆಗೆ ಮುಂಚಿತವಾಗಿ ಅನುಮತಿ ಪಡೆದಿದ್ದರೇ? ಲೈಸೆನ್ಸಿಲ್ಲದ ಬಂದೂಕಿನ ಬಗೆಗೆ ಕಾಯಿದೆಯ 39ನೆಯ ಕಲಮು ಇದನ್ನು ಕೇಳುತ್ತದೆ. ನಮ್ಮ ಹೈದರಾಬಾದಿನಂತಹ ನಗರದಲ್ಲಿ ಆ ಅಧಿಕಾರ ಪೊಲೀಸ್ ಕಮಿಷನರರದು. ಮೂರನೆಯದು: ಜಪ್ತಿಯಾದ ಬಂದೂಕೂ ಪರೀಕ್ಷೆಗೆ ಹೋದ ಬಂದೂಕೂ ಒಂದೇ ಎಂಬುದಕ್ಕೆ ಸೀಲು, ಪಂಚನಾಮೆಗಳ ಸಾಕ್ಷ್ಯ ಸರಿಯಿದೆಯೇ?

ಇವು ಯಾವುವೂ ಫಲಿಸದಿದ್ದರೂ ಶಿಕ್ಷೆ ತಗ್ಗಿಸಲು ಬೇಡಬಹುದು. ವಿಶೇಷ ಕಾರಣಗಳನ್ನು ಬರೆದಿಟ್ಟು 2 ವರ್ಷಕ್ಕಿಂತ ಕಡಿಮೆ ಕೊಡುವ ಅಧಿಕಾರ ಕೋರ್ಟಿಗಿದೆ. ಆದರೆ ‘ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ’ ಎಂಬ ಮಾತು ಕೇಳಿ ತಪ್ಪೊಪ್ಪಿಕೊಂಡವನು ಅಪೀಲಿನ ಬಹುಭಾಗವನ್ನು ಕಳೆದುಕೊಳ್ಳುತ್ತಾನೆ. ಮ್ಯಾಜಿಸ್ಟ್ರೇಟರ ತೀರ್ಪಾದರೆ ಆತ ಶಿಕ್ಷೆಯ ಪ್ರಮಾಣವನ್ನೂ ನ್ಯಾಯಬದ್ಧತೆಯನ್ನೂ ಮಾತ್ರ ಪ್ರಶ್ನಿಸಬಲ್ಲ.

ಅಪೀಲು ಹಾಕಿದ ಮಾತ್ರಕ್ಕೆ ಬಿಡುಗಡೆಯಿಲ್ಲ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡಬೇಕೆಂದು ಬೇರೆ ಅರ್ಜಿ ಹಾಕಬೇಕು. ಶಿಕ್ಷೆ 3 ವರ್ಷ ಮೀರದೆ, ಆತ ಮೊದಲೇ ಜಾಮೀನಿನ ಮೇಲಿದ್ದರೆ, ಅಪೀಲು ಹಾಕುವಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟನ್ನೇ ಜಾಮೀನು ಕೇಳಬಹುದು.

ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಜೈಲಿನಲ್ಲಿರುವವನು ಜೈಲಧಿಕಾರಿಯ ಮೂಲಕವೇ ಅಪೀಲು ಕಳಿಸಬಹುದು. ಆತನಿಗೆ ತೀರ್ಪಿನ ನಕಲೂ ವಕೀಲರ ನೆರವೂ ಧರ್ಮಾರ್ಥವಾಗಿ ದೊರೆಯಬೇಕೆಂದು ಸುಪ್ರೀಂ ಕೋರ್ಟು 1978ರಲ್ಲಿ ಹೊಸ್ಕೋಟ್ ಮೊಕದ್ದಮೆಯಲ್ಲಿ ವಿಧಿಸಿತು. 1987ರ ಕಾಯಿದೆಯಂತೆ ಕಾನೂನು ಸೇವಾ ಪ್ರಾಧಿಕಾರವು ಬಂಧನದಲ್ಲಿರುವವನಿಗೆ ವಕೀಲರನ್ನು ಒದಗಿಸುತ್ತದೆ.

ತಪ್ಪು ಮಾಡಿದವನು ಶಿಕ್ಷೆ ಅನುಭವಿಸಲಿ. ಆದರೆ ತಿಳಿಯದೆ ಗಡುವು ಮೀರಿದ್ದಕ್ಕಾಗಿ ಯಾರೂ ಜೈಲಿನಲ್ಲಿ ಕೊಳೆಯಬಾರದು. ಓದು ಬಲ್ಲ ನಾವು ಇಂಗ್ಲಿಷು ಬಾರದ ನೆರೆಯವರಿಗೆ ತೀರ್ಪಿನ ತಾರೀಖನ್ನು ಓದಿ ಹೇಳಿ, ಅಂದೇ ಪ್ರಾಧಿಕಾರದ ಕಛೇರಿಗೆ ಜೊತೆಯಲ್ಲಿ ಹೋದರೂ ಅದು ದೊಡ್ಡ ಉಪಕಾರವೇ ಸರಿ.