ಸಾರಿನಲ್ಲಿ ಬೆರೆಸಿದ ಮಾತ್ರೆ

ಪ್ರಶ್ನೆ: ಮಗನಿಗೆ 22 ವರ್ಷ. ಸ್ಕಿಜೋಫ್ರೇನಿಯಾ ಇದೆ. ‘ನಾನೀಗ ಹುಷಾರಾಗಿದ್ದೇನೆ’ ಎಂದು ಮಾತ್ರೆ ಬಿಟ್ಟಿದ್ದಾನೆ. ಅವನಿಗೆ ತಿಳಿಯದಂತೆ ಪುಡಿ ಮಾಡಿ ಸಾರಿಗೆ ಬೆರೆಸುತ್ತಿದ್ದೇನೆ. ಇದು ತಪ್ಪೇ?

ಉತ್ತರ: ಮಗ ಮತ್ತೆ ಹಾಸಿಗೆ ಹಿಡಿದಾನೆಂಬ ಭಯ ನಿಮ್ಮಿಂದ ಇದನ್ನು ಮಾಡಿಸಿದೆ. ಆದರೆ ಈ ದಾರಿ ಬೇಡ. ‘ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ’ ಎಂಬ ಅನುಮಾನ ಈ ಕಾಯಿಲೆಯಲ್ಲಿ ಸಾಮಾನ್ಯ. ತಟ್ಟೆಯಂಚಿನಲ್ಲಿ ಬಿಳಿ ಪುಡಿ ಕಂಡ ದಿನ ಆ ಅನುಮಾನ ನಿಜವಾಗುತ್ತದೆ; ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ. ಹಾಗೆಂದು ದಿಢೀರನೆ ನಿಲ್ಲಿಸಬೇಡಿ. ಈ ವಾರವೇ ವೈದ್ಯರಿಗೆ ಎಲ್ಲವನ್ನೂ ಹೇಳಿ.

ಮಾತ್ರೆ ಏಕೆ ಬೇಡವೆಂದು ಮಗನನ್ನೇ ಕೇಳಿ. ಮಂಪರು, ತೂಕ ಹೆಚ್ಚುವುದು, ಕೈ ನಡುಕ ಕಾರಣವಾಗಿದ್ದರೆ ಔಷಧ ಬದಲಿಸಬಹುದು. ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ. ದನಿಗಳು ಕೇಳಿಸುತ್ತವೆ ಎಂದರೆ ವಾದಿಸಬೇಡಿ. ‘ನನಗೆ ಕೇಳಿಸ್ತಿಲ್ಲ ಕಣಪ್ಪ, ಆದರೆ ನಿನಗೆ ಹೆದರಿಕೆ ಆಗಿದೆ ಅಂತ ಗೊತ್ತಾಗ್ತಿದೆ’ ಎನ್ನಿ.

ಅವನು ವಯಸ್ಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ತನಗೆ ಎಂಥ ಚಿಕಿತ್ಸೆ ಬೇಕು, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಮೊದಲೇ ಬರೆದಿಡಬಹುದು. ಅವನು ಸಮಾಧಾನದಿಂದಿರುವಾಗ ಜೊತೆಗೆ ಕೂತು ಮಾತನಾಡಿ.

ನಿದ್ದೆ ಕೆಟ್ಟರೆ, ಸ್ನಾನ ಬಿಟ್ಟರೆ, ಒಬ್ಬನೇ ಗೊಣಗತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಿ. ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಈ ಭಾರ ನಿಮ್ಮೊಬ್ಬರದೇ ಆಗಬಾರದು. ಮನೆಯ ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಕಾಯಿಲೆಗೆ ನಿಮ್ಮ ಸಾಕಣೆ ಕಾರಣವಲ್ಲ. ಚೇತರಿಕೆಗೆ ನಿಮ್ಮ ಮೇಲಿನ ನಂಬಿಕೆ ಅವನಿಗೆ ಬಹಳ ಮುಖ್ಯ.